ಕಾಸಿಂಬಿ ಕಂಡ ಕರಗದ ಕೊಬ್ಬು

ಹುನಗುಂದದ ಸರಕಾರಿ ದವಾಖಾನೆಯ ರಕ್ತ ತಪಾಸಣೆ ಕೋಣೆಯಲ್ಲಿ ಕಾಸಿಂಬಿ ನದಾಫ ಮೂವತ್ನಾಲ್ಕು ವರ್ಷ ಕೆಲಸ ಮಾಡಿದರು. ತಾಲೂಕಿನ ಅರ್ಧ ಜನರ ಬೆರಳಿಗೆ ಅವರ ಸೂಜಿ ತಾಗಿರಬೇಕು. ನಾನು ಅಲ್ಲಿನ ಕಾಲೇಜಿಗೆ ಕನ್ನಡ ಮೇಷ್ಟ್ರಾಗಿ ಬಂದ ಮೊದಲ ಮಳೆಗಾಲದಲ್ಲೇ ಚಳಿಜ್ವರ ಹತ್ತಿಸಿಕೊಂಡು ಅವರ ಮುಂದೆ ಕೈ ಚಾಚಿದ್ದೆ. ಮಲೇರಿಯಾ ಇಲ್ಲ ಎಂದು ಬರೆದುಕೊಟ್ಟರು. ಆಮೇಲೂ ಅವರು ಸೂಕ್ಷ್ಮದರ್ಶಕದಿಂದ ಕಣ್ಣು ತೆಗೆಯಲಿಲ್ಲ. ಇನ್ನೇನಾದರೂ ಇದೆಯೇ ಎಂದು ಗಾಬರಿಯಿಂದ ಕೇಳಿದೆ. ಏನೂ ಇಲ್ಲ, ಕೆಲಸ ಮುಗಿದ ಮೇಲೆ ಸುಮ್ಮನೆ ಒಂದು ನಿಮಿಷ ನೋಡುವುದು ತಮ್ಮ ರೂಢಿ ಎಂದರು.

ಅವರ ತಂದೆ ಹುಸೇನಪೀರ ಇಳಕಲ್ಲಿನಲ್ಲಿ ಹತ್ತಿ ಹಿಂಜಿ ಗಾದಿ ಹೊಲಿಯುತ್ತಿದ್ದವರು. ಮಗಳು ಟೀಚರ್ ಆಗಲಿ ಎಂಬುದು ಅವರ ಆಸೆಯಾಗಿತ್ತು. ಪಿಯುಸಿ ಓದುವಾಗ ಒಂದು ದಿನ ಪ್ರಯೋಗಾಲಯದಲ್ಲಿ ಕಾಸಿಂಬಿ ತಮ್ಮದೇ ಬೆರಳಿನ ಒಂದು ಹನಿ ರಕ್ತವನ್ನು ಗಾಜಿನ ಮೇಲೆ ಸವರಿ ನೋಡಿದರು. ಅಷ್ಟೊಂದು ದುಂಡನೆಯ ಕಣಗಳು ತನ್ನೊಳಗೆ ಓಡಾಡುತ್ತಿವೆ ಎಂಬುದನ್ನು ಹದಿನೇಳು ವರ್ಷ ತನಗೆ ಯಾರೂ ಹೇಳಿರಲಿಲ್ಲವಲ್ಲ ಎಂದು ಅವರಿಗೆ ಸಿಟ್ಟೇ ಬಂದಿತ್ತಂತೆ. ಬಾಗಲಕೋಟೆಗೆ ಹೋಗಿ ಲ್ಯಾಬ್ ಟೆಕ್ನಿಷಿಯನ್ ಕೋರ್ಸು ಮುಗಿಸಿದರು. ಮದುವೆಯಾಗಲಿಲ್ಲ. ತಂಗಿ ಅಮೀನಬಿಯ ಜೊತೆ ಇಳಕಲ್ಲಿನಲ್ಲಿದ್ದುಕೊಂಡು ದಿನಾ ಬೆಳಗಿನ ಬಸ್ಸಿಗೆ ಹುನಗುಂದಕ್ಕೆ ಬಂದು ಹೋಗುತ್ತಿದ್ದರು.

ನಾನು ಹೇಳಹೊರಟದ್ದು ಅವರ ಐವತ್ನಾಲ್ಕನೆಯ ವಯಸ್ಸಿನಲ್ಲಿ, ಎರಡು ಸಾವಿರದ ಹದಿನೆಂಟರ ಬೇಸಿಗೆಯಲ್ಲಿ ಶುರುವಾದ ಸಂಗತಿ.

ಒಂದು ಮುಂಜಾನೆ ದುರಗವ್ವ ಎಂಬ ಹೆಂಗಸು ಮಗಳನ್ನು ಕರೆದುಕೊಂಡು ಅವರ ಕೋಣೆಗೆ ಬಂದಳು. ಗಂಡ ಯಮನಪ್ಪ ಇಳಕಲ್ಲಿನ ಗ್ರಾನೈಟ್ ಫ್ಯಾಕ್ಟರಿಯಲ್ಲಿ ಕಲ್ಲಿಗೆ ಪಾಲಿಶ್ ಹಾಕುವವನು. ಮಗಳ ಹೆಸರು ಕಸ್ತೂರಿ, ವಯಸ್ಸು ಇಪ್ಪತ್ತು. ಕೈಕಾಲು ಕಡ್ಡಿಯಂತಿದ್ದವು, ಮುಖ ಬೂದಿ ಬಣ್ಣಕ್ಕೆ ತಿರುಗಿತ್ತು, ಹೊಟ್ಟೆ ಮಾತ್ರ ದಿನ ತುಂಬಿದ ಬಸುರಿಯಂತೆ ಮುಂದಕ್ಕೆ ಬಂದಿತ್ತು. ಅದನ್ನು ಮುಚ್ಚಲು ಸುಡುವ ಬಿಸಿಲಲ್ಲೂ ಅವಳು ಶಾಲು ಹೊದ್ದಿದ್ದಳು. ಕಾಸಿಂಬಿ ಚೀಟಿ ಓದಿ ಮೂತ್ರದ ಡಬ್ಬಿ ಕೈಗೆ ಕೊಡಹೋದಾಗ ಅವಳು ತೆಗೆದುಕೊಳ್ಳಲಿಲ್ಲ.

"ಬಸುರಿ ಅದೀನೋ ಇಲ್ಲೋ ನೋಡಾಕ ಹೌದಲ್ರಿ ಅಕ್ಕಾರ?" ಎಂದಳು. "ಇದು ಐದನೇ ಸಲ. ನಾಕು ಸಲ ಇಲ್ಲಂತ ಬಂದೈತಿ. ಊರಾಗ ಯಾರೂ ನಂಬಿಲ್ಲ."

ಕಾಸಿಂಬಿ ಡಬ್ಬಿಯನ್ನು ಮೇಜಿನ ಕೆಳಗಿಟ್ಟರು. ಹಿಂದಿನ ನಾಲ್ಕು ಚೀಟಿಗಳನ್ನು ತೋರಿಸೆಂದು ಕೇಳಿ, ಅವುಗಳ ದಿನಾಂಕವನ್ನು ಪುಸ್ತಕದಲ್ಲಿ ಬರೆದುಕೊಂಡು, ಐದನೆಯದು ಬೇಡವೆಂದು ಒಳಗಿನ ಡಾಕ್ಟರಿಗೆ ತಾವೇ ಹೋಗಿ ಹೇಳಿಬಂದರು. ಅವರೂ ಚೀಟಿಗಳನ್ನು ನೋಡಿ ಒಪ್ಪಿಕೊಂಡರು. ಆಮೇಲೆ ಕಾಸಿಂಬಿ ರಕ್ತ ತೆಗೆದರು. ಹಿಮೋಗ್ಲೋಬಿನ್ ಆರೂವರೆ. ರಕ್ತ ಹೆಪ್ಪುಗಟ್ಟಿಸುವ ಪ್ಲೇಟ್ಲೆಟ್ ಕಣಗಳು ಲಕ್ಷಕ್ಕೂ ಮೇಲೆ ಇರಬೇಕಾದಲ್ಲಿ ನಲವತ್ತೆಂಟು ಸಾವಿರ. ಸೂಜಿ ಚುಚ್ಚಿದ ಜಾಗದಲ್ಲಿ ರಕ್ತ ನಿಲ್ಲಲು ಕಾಲು ತಾಸು ಬೇಕಾಯಿತು. ಅಷ್ಟೂ ಹೊತ್ತು ಕಾಸಿಂಬಿ ಹತ್ತಿ ಒತ್ತಿ ಹಿಡಿದುಕೊಂಡೇ ಕೂತರು. ಆಗ ದುರಗವ್ವ ಮೆಲ್ಲಗೆ ಉಳಿದದ್ದನ್ನು ಹೇಳಿದಳು. ಕಸ್ತೂರಿಗಿಂತ ಮೊದಲು ಒಬ್ಬ ಮಗ ಹುಟ್ಟಿದ್ದ. ಅವನಿಗೂ ಹೀಗೇ ಹೊಟ್ಟೆ ಬಂದು, ಒಂಬತ್ತನೆಯ ವಯಸ್ಸಿಗೆ ತೀರಿಕೊಂಡ.

ಕಸ್ತೂರಿ ನನ್ನ ತರಗತಿಯಲ್ಲಿದ್ದವಳು. ಬಿ.ಎ. ಎರಡನೆಯ ವರ್ಷದ ಹಾಜರಿ ಪುಸ್ತಕದಲ್ಲಿ ಆ ಹೆಸರಿನ ಮುಂದೆ ಮೂರು ತಿಂಗಳು ಗೈರು ಎಂದು ಗುರುತು ಹಾಕುತ್ತ ಹೋದೆ. ಆಮೇಲೆ ಹೆಸರನ್ನೇ ಹೊಡೆದು ಹಾಕಿದೆ. ಯಾಕೆ ಬರುತ್ತಿಲ್ಲ ಎಂದು ಒಂದು ಸಲವೂ ಕೇಳಲಿಲ್ಲ. ಇದನ್ನು ಇಲ್ಲಿ ಒಪ್ಪಿಕೊಳ್ಳದೆ ಮುಂದೆ ಹೋಗಲಾರೆ.

ಹೊಟ್ಟೆಯ ಎಡಗಡೆ ಪಕ್ಕೆಲುಬಿನ ಒಳಗೆ ಅಡಗಿ, ಮುಷ್ಟಿಯಷ್ಟೇ ಇರಬೇಕಾದ ಗುಲ್ಮ ಅವಳಲ್ಲಿ ಹೊಕ್ಕಳು ದಾಟಿ ಕೆಳಗಿಳಿದಿತ್ತು. ಪದೇ ಪದೇ ಮಲೇರಿಯಾ ಬಂದು ಹೀಗಾಗಿರಬೇಕೆಂದು ಕೆಲವರು ಊಹಿಸಿದರು. ಕಾಸಿಂಬಿ ಏಳು ಸಲ ಹುಡುಕಿದರೂ ಮಲೇರಿಯಾದ ಗುರುತು ಸಿಗಲಿಲ್ಲ. ಕೊನೆಗೆ ಯಮನಪ್ಪ ಮಗಳನ್ನು ಬಾಗಲಕೋಟೆಯ ಒಂದು ಖಾಸಗಿ ಆಸ್ಪತ್ರೆಗೆ ಕರೆದೊಯ್ದ. ಅಲ್ಲಿ ಸೊಂಟದ ಎಲುಬಿನಿಂದ ಮಜ್ಜೆ ತೆಗೆದು ನೋಡಿ, ವಿಶೇಷವೇನೂ ಇಲ್ಲವೆಂದು ಬರೆದರು. ಗುಲ್ಮವನ್ನು ತೆಗೆದುಹಾಕುವುದೇ ದಾರಿ ಎಂದು ಆಪರೇಶನ್ನಿಗೆ ದಿನ ಗೊತ್ತುಮಾಡಿದರು.

ಆಪರೇಶನ್ನಿಗೆ ಮೂರು ದಿನ ಉಳಿದಿದ್ದಾಗ ದುರಗವ್ವ ಪುನಃ ಕಾಸಿಂಬಿಯ ಹತ್ತಿರ ಬಂದಳು. ಅವಳ ಕೈಯಲ್ಲಿ ಒಂದು ಚಿಕ್ಕ ಪ್ಲಾಸ್ಟಿಕ್ ಡಬ್ಬಿ. ಆಸ್ಪತ್ರೆಯವರು ಮಜ್ಜೆಯ ಸ್ಲೈಡುಗಳನ್ನು ವರದಿಯ ಜೊತೆಗೇ ಕೊಟ್ಟಿದ್ದರು. ಅವುಗಳಲ್ಲಿ ಏನಿದೆ ಎಂಬುದು ಅವಳಿಗೆ ತಿಳಿಯುವಂತಿರಲಿಲ್ಲ. ಆದರೆ ಎಲ್ಲ ಕಡೆಯೂ ಐದೇ ನಿಮಿಷದಲ್ಲಿ ನೋಡಿ ಕಳಿಸಿದ್ದಾರೆ, ಇವರಾದರೆ ನಿಧಾನಕ್ಕೆ ನೋಡುತ್ತಾರೆ ಎಂಬುದನ್ನು ಅವಳು ಗಮನಿಸಿದ್ದಳು. ಮಜ್ಜೆ ನೋಡುವುದು ತನ್ನ ಕೆಲಸವಲ್ಲ, ಅದಕ್ಕೆ ದೊಡ್ಡ ಓದು ಬೇಕು ಎಂದು ಕಾಸಿಂಬಿ ಹೇಳಿದರು. ಹೇಳಿದರೂ ಡಬ್ಬಿಯನ್ನು ಇಸಿದುಕೊಂಡರು.

ಮಧ್ಯಾಹ್ನ ಜನ ಕರಗಿದ ಮೇಲೆ ಬಾಗಿಲು ಮುಂದೆ ಮಾಡಿ ಮೊದಲ ಸ್ಲೈಡನ್ನು ಇಟ್ಟರು. ನಡುವೆ ಎಲ್ಲ ಸರಿಯಾಗಿಯೇ ಇದ್ದಂತೆ ಕಂಡಿತು. ಅವರು ಅಂಚಿಗೆ ಹೋದರು. ರಕ್ತವನ್ನು ಗಾಜಿನ ಮೇಲೆ ಎಳೆದಾಗ ದೊಡ್ಡವೂ ಭಾರವಾದವೂ ಅಂಚಿಗೆ ಹೋಗಿ ಬೀಳುತ್ತವೆ, ಅವಸರದವರು ಅಲ್ಲಿಯವರೆಗೆ ಹೋಗುವುದಿಲ್ಲ. ಅಲ್ಲಿ ಅವು ಇದ್ದವು. ಕೆಂಪು ಕಣದ ಹತ್ತು ಪಟ್ಟು ದೊಡ್ಡದಾದ ಒಂದೊಂದು ಕೋಶ, ಒಂದು ಮೂಲೆಗೆ ಒತ್ತರಿಸಿದ ಸಣ್ಣ ಬೀಜ, ಉಳಿದ ಮೈಯೆಲ್ಲ ಮಡಿಕೆ ಮಡಿಕೆ, ಒದ್ದೆ ರೇಷ್ಮೆಯನ್ನು ಹಿಂಡಿ ಹಾಗೇ ಬಿಟ್ಟಂತೆ. ತಿಳಿ ನೀಲಿ ಬಣ್ಣ. ಒಂದರ ಪಕ್ಕ ಇನ್ನೊಂದು, ಮೂರು, ನಾಲ್ಕು. ಇಪ್ಪತ್ತೆಂಟು ವರ್ಷದಲ್ಲಿ ಅವರು ಇಂಥದನ್ನು ನೋಡಿರಲಿಲ್ಲ. ಅದರ ಹೆಸರೂ ಗೊತ್ತಿರಲಿಲ್ಲ. ಆದರೆ ಅವು ಅಲ್ಲಿ ಇರಬಾರದವು ಎಂಬುದು ಗೊತ್ತಾಯಿತು.

"ಹೆದರಿಕಿ ಆಗಲಿಲ್ರಿ ಸರ," ಎಂದು ಅವರು ಮುಂದೊಮ್ಮೆ ನನಗೆ ಹೇಳಿದ್ದರು. "ಅಷ್ಟು ಚಂದ ಇದ್ವು. ಇಷ್ಟು ಚಂದ ಇರೂದು ಒಬ್ಬ ಹುಡುಗಿನ್ನ ಹ್ಯಾಂಗ ಕೊಲ್ಲಾಕ ಹತ್ತೈತಿ ಅಂತ ತಿಳೀಲಿಲ್ಲ."

ಒಂದು ಹಾಳೆಯ ಮೇಲೆ ಪೆನ್ಸಿಲಿನಿಂದ ಅದರ ಚಿತ್ರ ಬರೆದುಕೊಂಡರು. ಮರುದಿನ ರಜೆ ಹಾಕಿ, ಡಬ್ಬಿಯನ್ನೂ ಚಿತ್ರವನ್ನೂ ಚೀಲದಲ್ಲಿಟ್ಟು ಅಮೀನಗಡದ ಮೇಲೆ ಹೋಗುವ ಬಸ್ಸಿಗೆ ಬಾಗಲಕೋಟೆ ಸೇರಿದರು. ಅಲ್ಲಿನ ಮೆಡಿಕಲ್ ಕಾಲೇಜಿನಲ್ಲಿ ಡಾಕ್ಟರ್ ಶೀಲಾ ಎಂಬ ಪೆಥಾಲಜಿಸ್ಟ್ ಇದ್ದರು. ಹಿಂದೊಮ್ಮೆ ತರಬೇತಿಯಲ್ಲಿ ಕಾಸಿಂಬಿಗೆ ಪಾಠ ಮಾಡಿದವರು, ವಯಸ್ಸಿನಲ್ಲಿ ಇವರಿಗಿಂತ ಇಪ್ಪತ್ತು ವರ್ಷ ಚಿಕ್ಕವರು. ಅವರು ಸ್ಲೈಡಿನ ಅಂಚನ್ನು ಒಂದು ತುದಿಯಿಂದ ಇನ್ನೊಂದು ತುದಿಯವರೆಗೆ ನೋಡಿದರು. ಆಮೇಲೆ ಕುರ್ಚಿಯನ್ನು ಹಿಂದಕ್ಕೆ ಸರಿಸಿದರು.

"ಕಾಸಿಂಬಿಯವ್ರ, ಇದನ್ನ ನಾನೂ ಪುಸ್ತಕದಾಗಷ್ಟ ನೋಡೀನಿ," ಎಂದರು. "ಇದಕ್ಕ ಗೋಶೆ ಕಾಯಿಲೆ ಅಂತಾರ. ಲಕ್ಷಕ್ಕ ಒಬ್ಬರಿಗೆ ಬರೂದು. ಆ ಹುಡುಗಿಗೆ ಆಪರೇಶನ್ ಯಾವಾಗ ಐತಿ?"

ನಾಡಿದ್ದು ಎಂದು ಕಾಸಿಂಬಿ ಹೇಳಿದರು. ಶೀಲಾ ಅಲ್ಲಿಂದಲೇ ಸರ್ಜನ್ನರಿಗೆ ಫೋನು ಮಾಡಿದರು. ಆ ಸರ್ಜನ್ ಒಳ್ಳೆಯ ಮನುಷ್ಯ. ವಾದ ಮಾಡದೆ, ತಾನೇ ಬಂದು ಸ್ಲೈಡು ನೋಡಿ, ಆಪರೇಶನ್ ನಿಲ್ಲಿಸಿದರು. ಗುಲ್ಮ ತೆಗೆದಿದ್ದರೆ ಅಲ್ಲಿ ತುಂಬುತ್ತಿದ್ದುದು ಎಲುಬಿನಲ್ಲೂ ಯಕೃತ್ತಿನಲ್ಲೂ ಇನ್ನಷ್ಟು ಬೇಗ ತುಂಬುತ್ತಿತ್ತು ಎಂದು ಶೀಲಾ ವಿವರಿಸಿದರು.

ಚಿತ್ರ ನೋಡಿ ಹೆಸರು ಹೇಳಿದರೆ ಸಾಲದು, ರಕ್ತದಲ್ಲಿ ಒಂದು ಕಿಣ್ವ ಎಷ್ಟಿದೆ ಎಂದು ಅಳೆದು ಖಾತ್ರಿ ಮಾಡಬೇಕಿತ್ತು. ಆ ತಪಾಸಣೆ ಬೆಂಗಳೂರಿನ ಒಂದು ಪ್ರಯೋಗಾಲಯದಲ್ಲಿ ನಡೆಯುತ್ತಿತ್ತು. ದಪ್ಪ ಕಾಗದದ ಮೇಲೆ ಅಚ್ಚು ಮಾಡಿದ ಐದು ವೃತ್ತಗಳಲ್ಲಿ ರಕ್ತದ ಹನಿ ಹಾಕಿ, ಒಣಗಿಸಿ, ಅಂಚೆಯಲ್ಲಿ ಕಳಿಸಿದರೆ ಸಾಕು. ಕಾಸಿಂಬಿ ಹಾಗೆಯೇ ಮಾಡಿದರು. ಎರಡು ವಾರದ ಮೇಲೆ ಉತ್ತರ ಬಂತು: ರಕ್ತ ಕೆಟ್ಟಿದೆ, ಮತ್ತೆ ಕಳಿಸಿ. ಪೂರ್ತಿ ಒಣಗುವ ಮೊದಲೇ ಅವರು ಪ್ಲಾಸ್ಟಿಕ್ ಚೀಲಕ್ಕೆ ಹಾಕಿ ಮುಚ್ಚಿದ್ದರು. ಏಪ್ರಿಲ್ ತಿಂಗಳ ಕಾವಿನಲ್ಲಿ ಅದು ಒಳಗೇ ಬೆವತಿತ್ತು. ಇಷ್ಟು ವರ್ಷದ ಅನುಭವವಿದ್ದೂ ಮಾಡಿದ ಆ ತಪ್ಪನ್ನು ಅವರು ಯಾರ ಮೇಲೂ ಹಾಕಲಿಲ್ಲ. ದುರಗವ್ವನ ಮನೆಗೆ ಹೋಗಿ, ತನ್ನಿಂದ ಕೆಟ್ಟಿತು ಎಂದು ಹೇಳಿ, ಕಸ್ತೂರಿಯ ಬೆರಳನ್ನು ಮತ್ತೆ ಕೇಳಿದರು. ಈ ಸಲ ನೆರಳಿನಲ್ಲಿ ನಾಲ್ಕು ತಾಸು ಒಣಗಿಸಿ, ಲಸಿಕೆ ಒಯ್ಯುವ ತಂಪು ಪೆಟ್ಟಿಗೆಯಲ್ಲಿಟ್ಟುಕೊಂಡು, ಬಾಗಲಕೋಟೆಯಲ್ಲಿ ರೈಲು ಹತ್ತಿ ತಾವೇ ಬೆಂಗಳೂರಿಗೆ ಹೋದರು. ಪೆಟ್ಟಿಗೆಯನ್ನು ದಾರಿಯುದ್ದಕ್ಕೂ ತೊಡೆಯ ಮೇಲಿಂದ ಇಳಿಸಲಿಲ್ಲವಂತೆ.

ಪ್ರಯೋಗಾಲಯದಲ್ಲಿ ಕಾಗದ ಇಸಿದುಕೊಂಡವನು ಚೇತನಕುಮಾರ ಎಂಬ ಯುವ ವಿಜ್ಞಾನಿ. ಇವರು ಎರಡು ಮಾತಾಡುವಷ್ಟರಲ್ಲಿ ಅವನು ತಲೆಯೆತ್ತಿ, ತನ್ನದೂ ಬಾಗಲಕೋಟೆ ಕಡೆಯ ಬೇವೂರು ಎಂದ. ಇಷ್ಟು ದೂರ ಕಾಗದ ಹೊತ್ತು ಬಂದವರನ್ನು ಹಾಗೇ ಕಳಿಸಲು ಅವನಿಗೆ ಮನಸ್ಸಾಗಲಿಲ್ಲ. ಚಹಾ ತರಿಸಿ ಕೂರಿಸಿದ. ಕಾಸಿಂಬಿ ಚಹಾ ಮುಟ್ಟದೆ, ಆ ದೊಡ್ಡ ಕೋಶದೊಳಗೆ ಇರುವುದಾದರೂ ಏನು ಎಂದು ಕೇಳಿದರು.

ಕೊಬ್ಬು ಎಂದು ಅವನು ಹೇಳಿದ. ನಾವು ತಿನ್ನುವ ಎಣ್ಣೆ ತುಪ್ಪದ ಕೊಬ್ಬಲ್ಲ. ಮೈಯ ಪ್ರತಿ ಕೋಶಕ್ಕೂ ಒಂದು ತೆಳ್ಳನೆಯ ಪೊರೆ ಇದೆ. ಆ ಪೊರೆಯಲ್ಲಿ ಸ್ಫಿಂಗೋಲಿಪಿಡ್ ಎಂಬ ಒಂದು ಜಾತಿಯ ಕೊಬ್ಬುಗಳು ಸೇರಿಕೊಂಡಿವೆ. ನೂರ ಮೂವತ್ತು ವರ್ಷಗಳ ಹಿಂದೆ ಲಂಡನ್ನಿನಲ್ಲಿ ಒಬ್ಬ ಜರ್ಮನ್ ವೈದ್ಯ ಮಿದುಳನ್ನು ಅರೆದು ಅದರಿಂದ ಇವನ್ನು ಬೇರೆ ಮಾಡಿದ. ಇವು ಯಾಕಿವೆ, ಏನು ಮಾಡುತ್ತವೆ ಎಂಬುದು ಅವನಿಗೆ ಬಗೆಹರಿಯಲಿಲ್ಲ. ದಾರಿಹೋಕರಿಗೆ ಒಗಟು ಹಾಕುತ್ತಿದ್ದ ಸ್ಫಿಂಕ್ಸ್ ಎಂಬ ಪುರಾಣದ ಪ್ರಾಣಿಯ ಹೆಸರನ್ನೇ ಇಟ್ಟುಬಿಟ್ಟ.

ನಂತರ ಅವನು ಒಂದು ಲೆಕ್ಕ ಹೇಳಿದ. ಕೆಂಪು ರಕ್ತಕಣ ನಾಲ್ಕು ತಿಂಗಳು ಬದುಕುತ್ತದೆ. ಹೀಗೆ ಮುಪ್ಪಾಗಿ ಸಾಯುವ ಕಣಗಳು ಒಬ್ಬ ಮನುಷ್ಯನಲ್ಲಿ ಸೆಕೆಂಡಿಗೆ ಸುಮಾರು ಇಪ್ಪತ್ತು ಲಕ್ಷ. ಅವನ್ನು ನುಂಗಿ, ಬಿಡಿಬಿಡಿ ಮಾಡಿ, ಮತ್ತೆ ಬಳಕೆಗೆ ಕೊಡುವ ಕೋಶಗಳು ಗುಲ್ಮದಲ್ಲೂ ಮಜ್ಜೆಯಲ್ಲೂ ಕೂತಿವೆ. ಕಣದ ಪೊರೆಯ ಕೊಬ್ಬನ್ನು ಒಡೆಯಲು ಅವುಗಳ ಹತ್ತಿರ ಒಂದು ಕಿಣ್ವ ಇದೆ. ಆ ಕಿಣ್ವ ಕುಂದಿದರೆ ಕೊಬ್ಬು ಒಡೆಯುವುದಿಲ್ಲ. ನುಂಗಿದ ಕೋಶ ಅದನ್ನು ಹೊರಗೂ ಹಾಕಲಾರದೆ, ಅರಗಿಸಲೂ ಆರದೆ, ಹೊಟ್ಟೆಯಲ್ಲೇ ಇಟ್ಟುಕೊಂಡು ಉಬ್ಬುತ್ತದೆ.

ಕಾಸಿಂಬಿ ಚಹಾವನ್ನು ಪಕ್ಕಕ್ಕೆ ಸರಿಸಿದರು. ಆಮೇಲೆ ಕೇಳಿದರು: "ಅಂದ್ರ ಈಗ ನಾ ಇಲ್ಲಿ ಕುಂತಾಗ, ನನ್ನೊಳಗೂ ಇದು ನಡದೈತೇನಪಾ?"

"ನಡದೈತಿ ಅಕ್ಕಾರ. ನಾ ಇಷ್ಟು ಮಾತಾಡೂದ್ರಾಗ ಹತ್ತಾರು ಕೋಟಿ ಕಣ ಹೋದ್ವು. ನಿಮಗ ಗೊತ್ತಾತೇನ್ರಿ?"

ಗೊತ್ತಾಗಿರಲಿಲ್ಲ. ಅವರು ತಮ್ಮ ಎಡ ಪಕ್ಕೆಯ ಮೇಲೆ ಕೈಯಿಟ್ಟುಕೊಂಡರು. ಅಲ್ಲಿ ಏನೂ ತಿಳಿಯಲಿಲ್ಲ. ಏನೂ ತಿಳಿಯದೇ ಇರುವುದೇ ಎಷ್ಟು ದೊಡ್ಡ ಸಂಗತಿ ಎಂದು ಅವರಿಗೆ ಆಗ ಹೊಳೆಯಿತಂತೆ. ಐವತ್ನಾಲ್ಕು ವರ್ಷ, ಒಂದು ಸೆಕೆಂಡೂ ಬಿಡದೆ, ಯಾರೂ ಹೇಳದೆ ಕೇಳದೆ ಆ ಕೆಲಸ ನಡೆದಿತ್ತು. ಚಹಾ ಆರಿಹೋಗಿತ್ತು. ಹಾಗೇ ಕುಡಿದು ಎದ್ದರು.

ಹತ್ತು ದಿನಕ್ಕೆ ಫೋನು ಬಂತು. ಕಸ್ತೂರಿಯಲ್ಲಿ ಆ ಕಿಣ್ವ ಇರಬೇಕಾದುದರಲ್ಲಿ ನೂರಕ್ಕೆ ಎಂಟರಷ್ಟು ಮಾತ್ರ ಇತ್ತು. ಕಾಸಿಂಬಿ ಜೊತೆಗೇ ಒಯ್ದಿದ್ದ ತಂದೆ ತಾಯಿಯ ರಕ್ತದ ಹನಿಗಳನ್ನೂ ನೋಡಿದ್ದರು, ಇಬ್ಬರಲ್ಲೂ ಸುಮಾರು ಅರ್ಧ.

ಇದನ್ನು ಹೇಳಲು ಕಾಸಿಂಬಿ ಅವರ ಮನೆಗೆ ಹೋದಾಗ ದುರಗವ್ವ ಜೋಳದ ಹಿಟ್ಟು ನಾದುತ್ತಿದ್ದಳು. ಯಮನಪ್ಪ ಅವಳಿಗೆ ಸೋದರಮಾವ. ಅವ್ವನ ತಮ್ಮನನ್ನೇ ಮದುವೆಯಾದವಳು. ಒಂದೇ ಮನೆತನದ ಇಬ್ಬರಲ್ಲೂ ಒಂದೇ ಕೊರತೆ ಅಡಗಿದ್ದು, ಎರಡೂ ಮಗುವಿಗೆ ಬಂದರೆ ಹೀಗಾಗುತ್ತದೆ ಎಂದು ಶೀಲಾ ಹೇಳಿಕೊಟ್ಟಿದ್ದರು. ಅದನ್ನು ಹೇಗೆ ಹೇಳುವುದೆಂದು ಕಾಸಿಂಬಿ ದಾರಿಯುದ್ದಕ್ಕೂ ಯೋಚಿಸುತ್ತ ಬಂದಿದ್ದರು. ಆದರೆ ಗಂಡ ಹೆಂಡತಿ ಇಬ್ಬರಲ್ಲೂ ಅರ್ಧ ಎಂದಷ್ಟಕ್ಕೇ, ಉಳಿದದ್ದನ್ನು ಹೇಳುವ ಮೊದಲೇ ದುರಗವ್ವನಿಗೆ ತಿಳಿಯಿತು. ಹಿಟ್ಟಿನ ಕೈಯನ್ನು ಪರಾತದಲ್ಲೇ ಬಿಟ್ಟು ಕೂತಳು.

"ಅಂದ್ರ ನನ್ನ ಹುಡುಗಗೂ ಇದ ಆಗಿತ್ರಿ," ಎಂದಳು. "ನಾವ ಕೊಟ್ಟಿದ್ದು."

"ನೀನೂ ಅರ್ಧಾದಾಗ ಬದುಕೀಯವ್ವಾ," ಎಂದರು ಕಾಸಿಂಬಿ. "ನಿನ್ನ ಮೈಯಾಗೂ ಅರ್ಧಾನ ಐತಿ. ನಲವತ್ತು ವರ್ಷ ನಿನಗ ಒಂದು ದಿನಾನೂ ಕಡಿಮಿ ಬಿದ್ದಿಲ್ಲ. ಕಾಣದ್ದನ್ನ ನೀ ಹ್ಯಾಂಗ ತಿಳಕೋತಿದ್ದಿ? ಡಾಕ್ಟರಿಗೂ ತಿಳಿದಿಲ್ಲ."

ದುರಗವ್ವ ಅತ್ತಳು. ಮಗನ ಸಾವಿಗೆ ಹನ್ನೆರಡು ವರ್ಷದ ಮೇಲೆ ಒಂದು ಕಾರಣ ಸಿಕ್ಕಿತ್ತು. ಅಷ್ಟು ದಿನ ಅವಳು ಕಂಡ ಕಂಡ ದೇವರಿಗೆ ತಪ್ಪುಕಾಣಿಕೆ ಒಪ್ಪಿಸುತ್ತಿದ್ದಳು. ಒಳಗಿನ ಕೋಣೆಯಿಂದ ಕಸ್ತೂರಿ ಹೊರಗೆ ಬಂದು ಅವ್ವನ ಪಕ್ಕ ಕೂತು, ಕಾಸಿಂಬಿಯನ್ನು ಒಂದೇ ಮಾತು ಕೇಳಿದಳು: ಇದಕ್ಕೆ ಔಷಧಿ ಇದೆಯೇ?

ಇತ್ತು. ಆದರೆ ಆ ಮನೆಯವರ ಕೈಗೆ ಎಟುಕುವಂಥದಲ್ಲ. ಶೀಲಾ ಮತ್ತು ಚೇತನಕುಮಾರ ಸೇರಿ, ಬಡ ರೋಗಿಗಳಿಗೆ ಉಚಿತವಾಗಿ ಕೊಡುವ ಒಂದು ದತ್ತಿ ಯೋಜನೆಗೆ ಬರೆದರು. ಒಂದು ವರ್ಷಕ್ಕೂ ಮೇಲೆ ಹಿಡಿಯಿತು. ಆ ವರ್ಷ ಕಸ್ತೂರಿಗೆ ಎರಡು ಸಲ ತೊಡೆಯ ಎಲುಬಿನಲ್ಲಿ ತಡೆಯಲಾರದ ನೋವು ಬಂದು ಹದಿನೈದು ದಿನ ಮಲಗಿದಳು. ಕಾಸಿಂಬಿ ತಪಾಸಣೆಯ ಪ್ರತಿಗಳನ್ನು ಕಳಿಸುತ್ತ, ಕೇಳಿದ್ದಕ್ಕೆಲ್ಲ ಉತ್ತರ ಬರೆಯುತ್ತ, ವಾರಕ್ಕೊಮ್ಮೆ ಫೋನು ಮಾಡುತ್ತ ಬಿಡದೆ ಬೆನ್ನುಹತ್ತಿದರು. ಹತ್ತೊಂಬತ್ತರ ದೀಪಾವಳಿ ಮುಗಿದ ವಾರ ಒಪ್ಪಿಗೆ ಬಂತು. ಕಸ್ತೂರಿ, ದುರಗವ್ವ, ಕಾಸಿಂಬಿ ಮೂವರೂ ಬೆಂಗಳೂರಿಗೆ ಹೋದರು.

ಆಸ್ಪತ್ರೆಯಲ್ಲಿ ಔಷಧಿ ಕೊಡುವ ಮೊದಲು ಕಸ್ತೂರಿಯ ರಕ್ತದಲ್ಲಿ ಇನ್ನೊಂದು ತಪಾಸಣೆ ಮಾಡಿದರು. ಈ ಔಷಧಿಯನ್ನು ಕೆಲವರ ಯಕೃತ್ತು ಬೇಗ ಕರಗಿಸುತ್ತದೆ, ಕೆಲವರದು ನಿಧಾನವಾಗಿ. ಹುಟ್ಟಿನಿಂದಲೇ ಬಂದ ಆ ಗುಣ ನೋಡಿಯೇ ದಿನಕ್ಕೆ ಒಂದೋ ಎರಡೋ ಎಂದು ನಿಶ್ಚಯಿಸಬೇಕು. ತಪ್ಪಿದರೆ ಹೃದಯದ ಬಡಿತಕ್ಕೆ ತೊಂದರೆ. ಚಕ್ಕೋತ ಹಣ್ಣಿನ ಜಾತಿಯದು ಯಾವುದನ್ನೂ ತಿನ್ನಬಾರದು, ಅದು ಔಷಧಿ ಕರಗದಂತೆ ತಡೆಯುತ್ತದೆ ಎಂದೂ ಹೇಳಿದರು. ಕಸ್ತೂರಿಗೆ ಎರಡು ಹೊತ್ತು ಎಂದು ತೀರ್ಮಾನವಾಯಿತು. ಕೈಗೆ ಬಂದದ್ದು ಒಂದು ಸಾಮಾನ್ಯ ಕ್ಯಾಪ್ಸೂಲು.

ಚೇತನಕುಮಾರ ಅವರನ್ನು ಕಾಣಲು ಬಂದಿದ್ದ. ಇದು ಸೇರಿದ ಕೊಬ್ಬನ್ನು ಕರಗಿಸುತ್ತದೆಯೇ ಎಂದು ಕಸ್ತೂರಿ ಕೇಳಿದಳು.

"ಇಲ್ಲ ತಂಗಿ. ಇದು ಏನನ್ನೂ ಕರಗಸೂದಿಲ್ಲ," ಎಂದ ಅವನು. "ಆ ಕೊಬ್ಬನ್ನ ಮಾಡೂದೂ ನಿನ್ನ ಮೈಯ, ಒಡೆಯೂದೂ ನಿನ್ನ ಮೈಯ. ಸೆರಮೈಡ್ ಅನ್ನೋ ಒಂದಕ್ಕ ಸಕ್ಕರಿ ಕೂಡಿಸಿ ಅದನ್ನ ಮಾಡ್ತೈತಿ. ಈ ಔಷಧಿ ನೋಡಾಕ ಆ ಸೆರಮೈಡ್‌ನಂಗ ಐತಿ, ಖರೆ ಅದಲ್ಲ. ಮನುಷ್ಯಾರು ಕಟ್ಟಿದ್ದು. ಕೂಡಿಸೋ ಕಿಣ್ವ ಇದನ್ನ ತನ್ನದಂತ ಹಿಡಕೊಂಡು ಕುಂದರತೈತಿ, ಮುಂದ ಏನೂ ಮಾಡಾಕ ಬರೂದಿಲ್ಲ. ಹಿಂಗಾಗಿ ಕೊಬ್ಬು ಹುಟ್ಟೂದ ಕಡಿಮಿ ಆಗತೈತಿ. ಆವಾಗ ನಿನ್ನ ಹತ್ರ ಇರೋ ಆ ಎಂಟು ಪಾಲು ಕಿಣ್ವ ಐತಲ್ಲ, ಅದ ಸಾಕಾಗತೈತಿ. ಹಳೇದನ್ನೂ ಮೆಲ್ಲಕ ಅದ ತಗೀತೈತಿ."

ಕಸ್ತೂರಿ ಕ್ಯಾಪ್ಸೂಲನ್ನು ಅಂಗೈಯಲ್ಲಿ ಹೊರಳಿಸಿ ನೋಡಿದಳು. ತನ್ನ ಮೈಯಲ್ಲಿ ಏನೋ ಕೆಟ್ಟದ್ದು ಸೇರಿದೆ ಎಂದೇ ಎಲ್ಲರೂ ಇಷ್ಟು ವರ್ಷ ಹೇಳಿದ್ದರು. ಒಳಗೆ ಎಂಟು ಪಾಲು ಒಳ್ಳೆಯದೂ ಉಳಿದಿದೆ, ಅದು ಇಪ್ಪತ್ತು ವರ್ಷ ಒಂದೇ ಸಮನೆ ದುಡಿದಿದೆ ಎಂದು ಹೇಳಿದ್ದು ಇವನೊಬ್ಬನೇ. ನೀರು ಕೇಳಿ ನುಂಗಿದಳು. ಕಾಸಿಂಬಿ ಮಾತ್ರ ಇನ್ನೂ ಆ ಹೋಲಿಕೆಯ ಮಾತಿನಲ್ಲೇ ಇದ್ದರು. ಕಣ್ಣಿಗೂ ಸೂಕ್ಷ್ಮದರ್ಶಕಕ್ಕೂ ಕಾಣದ ಒಂದು ವಸ್ತುವಿನ ಆಕಾರವನ್ನು ಮನುಷ್ಯರು ತಿಳಿದುಕೊಂಡು, ಅದನ್ನೇ ಹೋಲುವ ಇನ್ನೊಂದನ್ನು ಕಟ್ಟಿ, ಮೈಯ ಕಿಣ್ವಕ್ಕೇ ಗುರುತು ತಪ್ಪಿಸಿದ್ದಾರೆ. ಯಾರು ಅದನ್ನು ಮೊದಲು ಯೋಚಿಸಿದರೋ, ಎಷ್ಟು ವರ್ಷ ಕೂತು ಮಾಡಿದರೋ ಎಂದು ವಾಪಸು ಬರುವ ರೈಲಿನಲ್ಲಿ ಎರಡು ಮೂರು ಸಲ ಅಂದರು. ದುರಗವ್ವ ಅವರ ಹೆಗಲಿಗೆ ತಲೆಯಾನಿಸಿ ನಿದ್ದೆ ಮಾಡಿದ್ದಳು.

ಮೊದಲ ಮೂರು ತಿಂಗಳು ಏನೂ ಆಗಲಿಲ್ಲ. ತಿಂಗಳಿಗೊಮ್ಮೆ ಕಸ್ತೂರಿ ಹುನಗುಂದಕ್ಕೆ ಬಂದು ರಕ್ತ ಕೊಟ್ಟು, ಹೊಟ್ಟೆಯ ಸುತ್ತಳತೆಯನ್ನು ಟೇಪಿನಲ್ಲಿ ಅಳೆಸಿಕೊಂಡು ಹೋಗುತ್ತಿದ್ದಳು. ನಾಲ್ಕನೆಯ ತಿಂಗಳು ಹಿಮೋಗ್ಲೋಬಿನ್ ಏಳೂಮುಕ್ಕಾಲು ಬಂತು. ಕಾಸಿಂಬಿ ನಂಬದೆ ಮೂರು ಸಲ ಮಾಡಿ ನೋಡಿದರು. ಅಷ್ಟರಲ್ಲಿ ಲಾಕ್‌ಡೌನ್ ಬಿತ್ತು. ಕ್ಯಾಪ್ಸೂಲಿನ ಪಾರ್ಸೆಲ್ಲು ಹುಬ್ಬಳ್ಳಿಯಲ್ಲೇ ನಿಂತಿತು. ಯಮನಪ್ಪ ಶೀಲಾ ಅವರಿಂದ ಚೀಟಿ ಬರೆಸಿಕೊಂಡು, ಪೊಲೀಸರಿಗೆ ಎಂಟು ಕಡೆ ತೋರಿಸುತ್ತ, ಬೈಕಿನ ಮೇಲೆ ಹುಬ್ಬಳ್ಳಿಗೆ ಹೋಗಿ ತಂದ. ಮಾತು ಕಡಿಮೆಯ ಮನುಷ್ಯ. ಹೋಗಿ ಬಂದದ್ದನ್ನು ಅವನು ಯಾರಿಗೂ ಹೇಳಿಕೊಳ್ಳಲಿಲ್ಲ, ಕಾಸಿಂಬಿಗೆ ತಿಳಿದದ್ದು ಕಸ್ತೂರಿಯಿಂದ.

ಒಂದು ವರ್ಷಕ್ಕೆ ಹಿಮೋಗ್ಲೋಬಿನ್ ಒಂಬತ್ತೂವರೆ. ಎರಡನೆಯ ವರ್ಷ ಹನ್ನೊಂದು ದಾಟಿತು. ಪ್ಲೇಟ್ಲೆಟ್ ಒಂದು ಲಕ್ಷ ಮುಟ್ಟಿದ ದಿನ ಕಾಸಿಂಬಿ ಎದ್ದು ಕುರ್ಚಿ ಬಿಟ್ಟುಕೊಟ್ಟು, ಕಸ್ತೂರಿಯನ್ನೇ ಸೂಕ್ಷ್ಮದರ್ಶಕದ ಮುಂದೆ ಕೂರಿಸಿದರು. ಕೆಂಪು ಕಣಗಳ ನಡುವೆ ಅಲ್ಲಲ್ಲಿ ನೇರಳೆ ಬಣ್ಣದ ಸಣ್ಣ ಚುಕ್ಕೆಗಳನ್ನು ತೋರಿಸಿದರು. ಗಾಯವಾದರೆ ರಕ್ತ ನಿಲ್ಲಿಸುವವು ಇವೇ ಎಂದರು. ಕಸ್ತೂರಿ ಒಂದು ಕಣ್ಣು ಮುಚ್ಚಿ ಬಹಳ ಹೊತ್ತು ನೋಡಿದಳು. ಹೊರಗೆ ಸಾಲಿನಲ್ಲಿ ನಿಂತವರು ತಡವಾಯಿತೆಂದು ಗೊಣಗುತ್ತಿದ್ದರು.

"ಇವೆಲ್ಲಾ ನನ್ನವ ಏನ್ರಿ?" ಎಂದು ಕೇಳಿದಳು.

"ನಿನ್ನವ."

"ಇಷ್ಟೊಂದು ಅದಾವಲ್ರಿ," ಎಂದಳು ಅವಳು, ಕಣ್ಣು ತೆಗೆಯದೆ.

ಗುಲ್ಮ ಅರ್ಧಕ್ಕಿಂತ ಸಣ್ಣದಾಯಿತು. ಪೂರ್ತಿ ಮೊದಲಿನಂತಾಗಿಲ್ಲ, ಆಗುವುದೂ ಇಲ್ಲವೇನೋ. ತೊಡೆಯ ಎಲುಬಿಗೆ ಆದ ಪೆಟ್ಟು ಹಾಗೇ ಉಳಿದು, ಅವಳು ಈಗಲೂ ಸ್ವಲ್ಪ ಎಡಗಾಲು ಎಳೆಯುತ್ತಾಳೆ. ಕ್ಯಾಪ್ಸೂಲು ಬದುಕಿರುವತನಕ ಬೇಕು. ಆದರೆ ಶಾಲು ತೆಗೆದಿಟ್ಟಳು. ಇಪ್ಪತ್ತೆರಡರಲ್ಲಿ ಮತ್ತೆ ನನ್ನ ಕಾಲೇಜಿಗೆ ಬಂದು ಎರಡನೆಯ ವರ್ಷಕ್ಕೆ ಸೇರಿದಳು, ತನಗಿಂತ ಐದು ವರ್ಷ ಚಿಕ್ಕವರ ಜೊತೆ ಮೊದಲ ಬೆಂಚಿನಲ್ಲಿ ಕೂತಳು. ಮೊದಲ ದಿನ ಹೆಸರು ಕೂಗಿದಾಗ ಅವಳು ಎದ್ದು ನಿಂತು ಹಾಜರಿ ಹೇಳಿದಳು. ನಾನು ಏನಾದರೂ ಹೇಳಬೇಕೆಂದುಕೊಂಡೆ, ಆದರೆ ಹಾಜರಿಯ ಗುರುತು ಹಾಕಿ ಮುಂದಿನ ಹೆಸರನ್ನು ಓದಿದೆ. ಈಗ ಅವಳು ಅಮೀನಗಡದ ಒಂದು ಕರದಂಟಿನ ಅಂಗಡಿಯಲ್ಲಿ ಕೆಲಸಕ್ಕಿದ್ದಾಳೆ, ಸ್ಕೂಟಿಯಲ್ಲಿ ಹೋಗಿ ಬರುತ್ತಾಳೆ. ಕೇಳಿಕೊಂಡು ಬಂದ ಗಂಡಿನ ಕಡೆಯವರಿಗೆಲ್ಲ ತನ್ನ ಕಾಯಿಲೆಯ ಹೆಸರನ್ನು ತಾನೇ ಹೇಳುತ್ತಾಳೆ. ಹಲವರು ಎದ್ದುಹೋದರು. ಒಬ್ಬ ಮಾತ್ರ ಅದೇನೆಂದು ಪೂರ್ತಿ ಕೇಳಿ, ತನ್ನ ರಕ್ತವನ್ನೂ ತಪಾಸಣೆಗೆ ಕಳಿಸಿದ್ದಾನಂತೆ.

ಇನ್ನೊಂದು ಸಂಗತಿ ನಡೆಯಿತು. ಕಾಸಿಂಬಿಯ ಪೆನ್ಸಿಲ್ ಚಿತ್ರವನ್ನು ಶೀಲಾ ಜಿಲ್ಲೆಯ ಎಲ್ಲ ಲ್ಯಾಬುಗಳಿಗೂ ಕಳಿಸಿದ್ದರು, ಸ್ಲೈಡಿನ ಅಂಚನ್ನೂ ನೋಡಿರಿ ಎಂದು ಕೆಳಗೆ ಬರೆದು. ಅದರಿಂದ ಬಾದಾಮಿ ತಾಲೂಕಿನಲ್ಲಿ ನಾಲ್ಕು ವರ್ಷದ ಒಂದು ಹೆಣ್ಣು ಮಗು ಸಿಕ್ಕಿತು, ಎಲುಬುಗಳು ಇನ್ನೂ ಕೆಡುವ ಮೊದಲೇ.

ಕಾಸಿಂಬಿ ಎರಡು ಸಾವಿರದ ಇಪ್ಪತ್ನಾಲ್ಕರಲ್ಲಿ ನಿವೃತ್ತರಾದರು. ಬೀಳ್ಕೊಡುಗೆಯಲ್ಲಿ ಅವರು ಮಾತಾಡಲು ಒಪ್ಪಲಿಲ್ಲ. ಇಳಕಲ್ಲಿನ ಮನೆಯಲ್ಲಿ ಅವರನ್ನು ಕಾಣಲು ಹೋದಾಗ ಜೀವರಸಾಯನಶಾಸ್ತ್ರದ ಒಂದು ದಪ್ಪ ಇಂಗ್ಲಿಷ್ ಪುಸ್ತಕ, ಪಕ್ಕದಲ್ಲಿ ನಿಘಂಟು ತೆರೆದು ಕೂತಿದ್ದರು. ಪುಸ್ತಕ ಚೇತನಕುಮಾರ ಕಳಿಸಿದ್ದು. ದಿನಕ್ಕೆ ಅರ್ಧ ಪುಟ ಆಗುತ್ತದೆ, ಕೆಲವು ದಿನ ಅದೂ ಇಲ್ಲ ಎಂದರು. ಬಸ್ಸಿನಲ್ಲಿ ಹೋಗುವಾಗ ಎದುರಿಗೆ ಕೂತವರನ್ನು ನೋಡಿದರೆ, ಇವರೊಳಗೆಲ್ಲ ಈಗ ಅದು ನಡೆದಿದೆ, ಒಬ್ಬರಿಗೂ ಗೊತ್ತಿಲ್ಲ ಎನ್ನಿಸಿ ಮೈ ಜುಮ್ಮೆನ್ನುತ್ತದೆ ಎಂದೂ ಹೇಳಿದರು. ಅಮೀನಬಿ ಒಳಗಿನಿಂದ, ಅಕ್ಕ ಊಟ ಮಾಡುವಾಗಲೂ ಇದನ್ನೇ ಹೇಳುತ್ತಾಳೆ ಎಂದು ದೂರು ಹೇಳಿದಳು.

ನಾನಿದ್ದಾಗಲೇ ಅವರು ಶೀಲಾ ಅವರಿಗೆ ಫೋನು ಹಚ್ಚಿ ಒಂದು ಪ್ರಶ್ನೆ ಕೇಳಿದರು.

"ಡಾಕ್ಟರ್ರ, ಹೊಟ್ಟ್ಯಾಗಿನ ಕೂಸಿಂದೂ ರಕ್ತಕಣ ಸಾಯ್ತಾವಲ್ರಿ? ಅವನ್ನ ಒಡೆಯೂದು ಯಾರು, ತಾಯೋ ಕೂಸೋ?"

ಕೂಸೇ ಇರಬೇಕು, ಆದರೆ ಯಾವ ತಿಂಗಳಿನಿಂದ ಎಂದು ತನಗೂ ಗೊತ್ತಿಲ್ಲ, ನೋಡಿ ಹೇಳುತ್ತೇನೆ ಎಂದರು ಶೀಲಾ. ಕಾಸಿಂಬಿ ಫೋನಿಟ್ಟು, ಪ್ರಶ್ನೆಯನ್ನು ಪುಸ್ತಕದ ಅಂಚಿನಲ್ಲಿ ಪೆನ್ಸಿಲಿನಿಂದ ಬರೆದುಕೊಂಡು, ಮುಂದಿನ ಸಾಲಿಗೆ ನಿಘಂಟು ತಿರುವತೊಡಗಿದರು.